ಮೆಲ್ಲಗೆ ಮಾತಾಡು ಅಂದವನು

ಬೈರೇಶನಿಗೆ ಕಿವಿ ಮಂದವಾಗಿದೆ ಎಂಬುದು ಅವನ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಲು ಹಾಕುವವನಿಗೆ ಗೊತ್ತಿತ್ತು. ಅದಕ್ಕೇ ಅವನು ಬೆಲ್ ಒತ್ತದೆ ಕಿಟಕಿಯಲ್ಲಿ ಕೈ ಆಡಿಸುತ್ತಿದ್ದ. ಎದುರುಮನೆ ಲಕ್ಷ್ಮೀದೇವಮ್ಮನಿಗೆ ಗೊತ್ತಿತ್ತು. ಬೈರೇಶನ ಮನೆ ಟೀವಿಯ ಸುದ್ದಿಯನ್ನು ಆಕೆ ತನ್ನ ಜಗಲಿಯಲ್ಲೇ ಕೂತು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಗೊತ್ತಿಲ್ಲದಿದ್ದವನು ಬೈರೇಶ ಒಬ್ಬನೇ. ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ, “ಈಗಿನೋರು ಬಾಯೊಳಗೇ ಮಾತಾಡ್ತಾರೆ ಕಣೋ. ನಮ್ಮ ಕಾಲದಂಗೆ ಬಾಯ್ಬಿಟ್ಟು ಮಾತಾಡೋರು ಎಲ್ಲವ್ರೆ?” ಎನ್ನುತ್ತಿದ್ದ. ಅವನ ವಯಸ್ಸು ಮೂವತ್ತೇಳು. ‘ನಮ್ಮ ಕಾಲ’ ಅನ್ನುವ ವಯಸ್ಸೇನು ಅದು?

ಅವನ ಊರು ದೊಡ್ಡಬೆಳವಂಗಲದ ಕಡೆ ಒಂದು ಹಳ್ಳಿ. ರಾಗಿ, ಅವರೆ ಬೆಳೆಯುವ ಮನೆತನ. ಹೊಲ ಇವತ್ತಿಗೂ ಇದೆ, ಅಣ್ಣಂದಿರಿಬ್ಬರು ನೋಡಿಕೊಳ್ಳುತ್ತಾರೆ. ಮೂರನೆಯವನಾದ ಇವನು ಹದಿನೇಳನೇ ವಯಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಬಂದು ಕರೆಂಟು ಮಗ್ಗದ ಶೆಡ್ಡಿಗೆ ಸೇರಿದ. ನೋಡದೆ ಇರುವವರು ಮಗ್ಗ ಎಂದರೆ ಏನೋ ಹಾಡು ಗುನುಗಿಕೊಂಡು ಸೀರೆ ನೇಯುತ್ತಾರೆ ಎಂದುಕೊಂಡಿರುತ್ತಾರೆ. ಒಳಗೆ ಹೋಗಿ ಐದು ನಿಮಿಷ ನಿಂತರೆ ತಿಳಿಯುತ್ತದೆ. ಒಂದೊಂದು ಮಗ್ಗದ ಲಾಳಿಯೂ ನಿಮಿಷಕ್ಕೆ ನೂರು ಸಲಕ್ಕಿಂತ ಹೆಚ್ಚು ಈ ಕಡೆಯಿಂದ ಆ ಕಡೆಗೆ ಹೋಗಿ ಬಡಿಯುತ್ತದೆ. ಅಂಥ ಹತ್ತು ಮಗ್ಗ ಒಂದೇ ತಗಡಿನ ಸೂರಿನ ಕೆಳಗೆ ಓಡಿದರೆ ಹಲ್ಲು ಕೂಡ ಅದುರುತ್ತದೆ. ಬೈರೇಶ ಅದರೊಳಗೆ ಇಪ್ಪತ್ತು ವರ್ಷ ನಿಂತಿದ್ದ. ಈಗ ನಾಲ್ಕು ಮಗ್ಗ ಬಾಡಿಗೆಗೆ ಹಿಡಿದು ತಾನೇ ನಡೆಸುತ್ತಿದ್ದ. ಮುಂದೆ ಮಗ್ಗ, ಒಂದು ಗೋಡೆ ದಾಟಿದರೆ ಹಿಂದೆ ಮನೆ.

ಮಗ್ಗದ ಶೆಡ್ಡಿನಲ್ಲಿ ಬಾಯಿಗೆ ಕೆಲಸವಿಲ್ಲ, ಎಲ್ಲವೂ ಕೈಸನ್ನೆ. ಐದು ಬೆರಳು ಸೇರಿಸಿ ಬಾಯಿಗೆ ತಂದರೆ ಊಟಕ್ಕೆ ಬಾ ಎಂದರ್ಥ. ಇಲ್ಲದ ಮೀಸೆ ತಿರುವಿದರೆ ಮಾಲೀಕ ಬಂದಿದ್ದಾನೆ. ಹೆಬ್ಬೆರಳನ್ನು ಲೋಟದಂತೆ ಬಾಯಿಗೆ ಬಗ್ಗಿಸಿದರೆ ನೀರು. ತುಟಿ ನೋಡಿ ಮಾತು ತಿಳಿಯುವುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ, ವರ್ಷ ಕಳೆದರೆ ಅದಾಗಿ ಬರುತ್ತದೆ. ಹಾಗೆ ಬಂದಿದ್ದರಿಂದಲೇ ಬೈರೇಶನಿಗೆ ತನ್ನ ಕಿವಿ ಹೋಗುತ್ತಿರುವುದು ಬಹಳ ವರ್ಷ ತಿಳಿಯಲಿಲ್ಲ. ಎದುರಿಗೆ ನಿಂತವರ ಮಾತನ್ನು ಅರ್ಧ ಕಿವಿಯಲ್ಲಿ, ಅರ್ಧ ಕಣ್ಣಿನಲ್ಲಿ ಕೇಳುತ್ತಿದ್ದ. ಮಗ್ಗದ ಲಾಳಿ ಎಲ್ಲಾದರೂ ತಡವರಿಸಿದರೆ ಬೆನ್ನು ತಿರುಗಿಸಿ ನಿಂತಿದ್ದರೂ ಸೀದಾ ಆ ಮಗ್ಗದ ಹತ್ತಿರವೇ ಹೋಗಿ ನಿಲ್ಲುತ್ತಿದ್ದ. “ಕಿವಿ ಅಂದ್ರೆ ಇದು ನೋಡು” ಎಂದು ಹೆಂಡತಿ ಮುಂದೆ ಎದೆ ಉಬ್ಬಿಸುತ್ತಿದ್ದ. ನಿಜಕ್ಕೂ ಅವನಿಗೆ ಅದನ್ನು ಹೇಳುತ್ತಿದ್ದುದು ಅಂಗಾಲು. ಬರಿಗಾಲಲ್ಲಿ ನಿಂತು ನೆಲದ ಅದುರಿನಲ್ಲಿ ಹಿಡಿಯುತ್ತಿದ್ದುದನ್ನು ಕಿವಿಯ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದ.

ಒಪ್ಪಿಕೊಳ್ಳದೆ ಇರಲು ಇನ್ನೂ ಒಂದು ಕಾರಣವಿತ್ತು. ಪಕ್ಕದ ಶೆಡ್ಡಿನಲ್ಲಿ ಪಿಳ್ಳಪ್ಪ ಎಂಬ ಮುದುಕ ಇದ್ದ. ಪೂರ್ತಿ ಕಿವುಡ. ಅದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ. “ಜೋರಾಗಿ ಹೇಳಪ್ಪ, ನನ್ನ ಕಿವಿ ಮಗ್ಗಕ್ಕೆ ಕೊಟ್ಬಿಟ್ಟೆ” ಎಂದು ನಗುತ್ತಿದ್ದ. ಅವನನ್ನು ಟೀ ಅಂಗಡಿಯಲ್ಲಿ ಆಡಿಕೊಳ್ಳುವುದರಲ್ಲಿ ಬೈರೇಶನೇ ಮುಂದು. ಪಿಳ್ಳಪ್ಪನ ಎದುರು ನಿಂತು ಸುಮ್ಮನೆ ತುಟಿ ಅಲ್ಲಾಡಿಸುವುದು, ಅವನು ಏನೋ ಒಂದು ಉತ್ತರ ಕೊಟ್ಟಾಗ ಎಲ್ಲರನ್ನೂ ನಗಿಸುವುದು. ಹತ್ತು ವರ್ಷ ಈ ಆಟ ಆಡಿದವನು ಇನ್ನು ಯಾವ ಮುಖ ಇಟ್ಟುಕೊಂಡು ನನಗೂ ಕೇಳಿಸುವುದಿಲ್ಲ ಎಂದು ಹೇಳಿಯಾನು?

ಮದುವೆಯಾಗಿ ಐದು ವರ್ಷಕ್ಕೆ ಅಕ್ಷತ ಹುಟ್ಟಿದಳು. ಹೆಂಡತಿ ವಾಣಿಶ್ರೀ ಬಾಣಂತನ ಮುಗಿಸಿಕೊಂಡು ಹೊಸಕೋಟೆ ಕಡೆಯ ತವರಿನಿಂದ ಬಂದ ದಿನವೇ ಮಗುವಿನ ಜೋಲಿಯನ್ನು ಮಗ್ಗದ ಗೋಡೆಯ ಪಕ್ಕ ಕಟ್ಟಿದರು. ಬೇರೆ ಜಾಗವಿರಲಿಲ್ಲ. ಮೊದಲ ವಾರ ಚೀರಾಡಿತು, ಆಮೇಲೆ ಹೊಂದಿಕೊಂಡಿತು. ಎಷ್ಟು ಹೊಂದಿಕೊಂಡಿತೆಂದರೆ ಮಗ್ಗ ಓಡುತ್ತಿದ್ದರೆ ನಿದ್ದೆ, ಕರೆಂಟು ಹೋಯಿತೆಂದರೆ ಗಾಬರಿಯಿಂದ ಎದ್ದು ಅಳು. ಬೈರೇಶ ಬಂದವರಿಗೆಲ್ಲ ಇದನ್ನು ಹೇಳಿ ಹಿಗ್ಗುತ್ತಿದ್ದ. ಮಾತು ಬರುವ ಮೊದಲೇ ಅವಳಿಗೆ ಸನ್ನೆ ಬಂತು. ಒಂದೂವರೆ ವರ್ಷಕ್ಕೇ ಹೆಬ್ಬೆರಳು ಬಾಯಿಗಿಟ್ಟು ನೀರು ಕೇಳುತ್ತಿದ್ದಳು. ಅವಳ ಮೊದಲ ಮಾತು ‘ಅಪ್ಪ’ ಎಂದು ಬೈರೇಶ ಇವತ್ತಿಗೂ ಸಾಧಿಸುತ್ತಾನೆ. ವಾಣಿಶ್ರೀಯನ್ನು ಕೇಳಿದರೆ ‘ಅಮ್ಮ’ ಎನ್ನುತ್ತಾಳೆ. ಅವನು ತುಟಿ ನೋಡಿದ್ದ, ಅವಳು ಕೇಳಿದ್ದಳು.

ಮೂರು ವರ್ಷ ತುಂಬುವ ಹೊತ್ತಿಗೆ ಅಕ್ಷತಳಿಗೆ ಎರಡು ದನಿ ಇದ್ದವು. ಅಮ್ಮನ ಹತ್ತಿರ, ಅಕ್ಕಪಕ್ಕದ ಮಕ್ಕಳ ಹತ್ತಿರ ಎಲ್ಲ ಮಕ್ಕಳಂತೆ ಮಾತು. ಅಪ್ಪನ ಹತ್ತಿರ ಬಂದರೆ ಮೊದಲು ಲುಂಗಿ ಎಳೆಯುತ್ತಿದ್ದಳು, ಅವನು ತಿರುಗುವವರೆಗೆ ಕಾಯುತ್ತಿದ್ದಳು, ತಿರುಗಿದ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಕೂಗುತ್ತಿದ್ದಳು. “ಅಪ್ಪಾ! ಅಮ್ಮ ಕಾಫಿ ಇಟ್ಟವ್ಳೆ!” ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನೆಂದರೆ ಹೀಗೆ ಮಾತಾಡಿಸಬೇಕಾದ ಮನುಷ್ಯ ಎಂದು ತನಗೆ ತಾನೇ ತಿಳಿದುಕೊಂಡಿದ್ದಳು. ಬೈರೇಶನಿಗೆ ಮಾತ್ರ ಮಗಳು ಹುಟ್ಟಾ ಗಂಟಲುಗಾತಿ ಎನಿಸಿತ್ತು. ಅವಳ ಇನ್ನೊಂದು ದನಿಯ ಸುದ್ದಿಯೇ ಅವನಿಗೆ ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ, ಅದು ಅವನಿಗೆ ಕೇಳಿಸುತ್ತಲೇ ಇರಲಿಲ್ಲವಲ್ಲ.

ಅಕ್ಷತ ಒಂದನೇ ತರಗತಿಗೆ ಸೇರಿದ ವರ್ಷ, ವಾಣಿಶ್ರೀಯ ಅಕ್ಕ ಶಶಿರೇಖಾ ಮನೆಯವರು ದೇವನಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಶಶಿರೇಖಾಳ ಗಂಡ ಸುನಿಲ್‌ಕುಮಾರ್ ವಿಮಾನ ನಿಲ್ದಾಣದ ಕಡೆಯ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದ. ಊಟ ಮುಗಿದ ಮೇಲೆ ಅವನ ಆಫೀಸಿನ ದೊಡ್ಡವರೊಬ್ಬರು ಹಾಲಿನ ಸೋಫಾದಲ್ಲಿ ಬೈರೇಶನ ಪಕ್ಕ ಬಂದು ಕೂತರು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಬೈರೇಶನಿಗೆ ಆ ಮೆತ್ತಗಿನ ಮಾತೇ ಮುಳುವಾಯಿತು. ಅವರು ಏನೋ ಕೇಳಿದರು. ಬೈರೇಶ ನಕ್ಕು ತಲೆ ಆಡಿಸಿದ. ಅವರು ಇನ್ನೊಮ್ಮೆ ಕೇಳಿದರು. ಬೈರೇಶ ಇನ್ನೊಮ್ಮೆ ನಕ್ಕ, ಇನ್ನೂ ಸ್ವಲ್ಪ ಜಾಸ್ತಿ ತಲೆ ಆಡಿಸಿದ. ಅವರು ಇವನ ಮುಖವನ್ನೇ ನೋಡುತ್ತಾ ಕೂತರು.

ಮೆಟ್ಟಿಲ ಮೇಲೆ ಮಕ್ಕಳ ಜೊತೆ ಆಡುತ್ತಿದ್ದ ಅಕ್ಷತ ಇದನ್ನು ನೋಡಿದಳು. ಅಪ್ಪ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಆ ಆರು ವರ್ಷದ ಮಗುವಿಗೆ ತಿಳಿಯಿತು. ಓಡಿಬಂದು ಎದುರಿಗೆ ನಿಂತು ಎದೆ ತುಂಬ ಉಸಿರೆಳೆದುಕೊಂಡಳು.

“ಅಪ್ಪಾ! ಏನ್ ಕೆಲ್ಸ ಮಾಡ್ತೀಯ ಅಂತ ಕೇಳ್ತಾವ್ರೆ! ಕೆಲ್ಸಾ! ಕೆಲ್ಸಾ!” ಕೂಗುವುದರ ಜೊತೆಗೆ ಎರಡೂ ಕೈಯನ್ನು ಆ ಕಡೆ ಈ ಕಡೆ ಆಡಿಸಿ ಲಾಳಿ ಓಡುವುದನ್ನೂ ತೋರಿಸಿದಳು.

ಹಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಮರುಕ್ಷಣ ಯಾರೋ ನಕ್ಕರು, ಅದನ್ನು ನೋಡಿ ಎಲ್ಲರೂ ನಕ್ಕರು. “ಮಗ್ಗದ ಮನೆ ಮಗು, ಗಂಟಲು ನೋಡ್ರಪ್ಪಾ!” ಎಂದು ಬೈರೇಶನ ಬೆನ್ನ ಹಿಂದೆಯೇ ನಿಂತಿದ್ದ ಒಬ್ಬ ಗಟ್ಟಿಯಾಗಿ ಅಂದ. ಬೇರೇನೂ ಕೇಳಿಸದ ಬೈರೇಶನಿಗೆ ಅದೊಂದು ಚೆನ್ನಾಗಿ ಕೇಳಿಸಿತು. ಎದ್ದವನೇ ಮಗಳ ಎಡಗೆನ್ನೆಗೆ ಬಾರಿಸಿದ.

“ಹೆಣ್ಣುಮಗು ಹಿಂಗಾ ಕಿರುಚೋದು? ಮೆಲ್ಲಗೆ ಮಾತಾಡಕ್ಕೆ ಬರಲ್ವಾ ನಿಂಗೆ?”

ಅವಳು ಅಳಲಿಲ್ಲ. ಕೆನ್ನೆ ಮೇಲೆ ಕೈ ಇಟ್ಟುಕೊಂಡು ಅಪ್ಪನನ್ನೂ ಆ ದೊಡ್ಡ ಮನುಷ್ಯರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಸಹಾಯಕ್ಕೆಂದು ಬಂದ ಮಗುವನ್ನು ಹತ್ತು ಜನರ ಮುಂದೆ ಹೊಡೆದವನಿಗೆ ಅವತ್ತು ನಾಚಿಕೆಯಾಗಿದ್ದು ಮಗಳ ಗಂಟಲಿಗೆ. ತನ್ನ ಕೈಗಲ್ಲ.

ದೊಡ್ಡಬಳ್ಳಾಪುರಕ್ಕೆ ವಾಪಸು ಬರುವಾಗ ಬೈಕಿನ ಹಿಂದೆ ಕೂತಿದ್ದ ವಾಣಿಶ್ರೀ ಅವನ ಕಿವಿಗೇ ಬಾಯಿಟ್ಟು ಹೇಳಿದಳು. “ನಿಮಗೆ ಕೇಳ್ಲಿ ಅಂತ ಕೂಗ್ತಾಳೆ ಕಣ್ರೀ ಅವ್ಳು. ಬೇರೆಯೋರ ಹತ್ರ ಹಂಗೆ ಮಾತಾಡೋದು ನೋಡಿದ್ದೀರಾ?”

“ನಂಗೆ ಎಲ್ಲಾ ಕೇಳ್ಸುತ್ತೆ. ಮೊದ್ಲು ನೀನು ಕೂಗೋದು ಬಿಡು” ಎಂದ ಬೈರೇಶ. ಅಲ್ಲಿಗೆ ಆ ಮಾತು ಮುಗಿಯಿತು. ಅವಳಿಗೂ ಹೇಳಿ ಹೇಳಿ ಸಾಕಾಗಿತ್ತು.

ಮರುದಿನದಿಂದ ಮಗಳಿಗೆ ಪಾಠ ಶುರುವಾಯಿತು. ಅವಳು ಬಾಯಿ ತೆರೆದರೆ ಸಾಕು, ಬೈರೇಶ ತುಟಿಯ ಮೇಲೆ ಬೆರಳಿಡುತ್ತಿದ್ದ. ಮೆಲ್ಲಗೆ ಮಾತಾಡಿದಳು ಎಂದು ಅವಳ ಕತ್ತಿನ ನರ ನೋಡಿ ತಿಳಿದುಕೊಂಡು ಶಭಾಷ್ ಎಂದು ತಲೆ ಸವರುತ್ತಿದ್ದ, ಅಂಗಡಿಯಿಂದ ಕಡಲೆಮಿಠಾಯಿ ತಂದುಕೊಡುತ್ತಿದ್ದ. ಮಕ್ಕಳಿಗೆ ಕಲಿಸಬಾರದ್ದನ್ನು ಕಲಿಸಿದರೂ ಅಷ್ಟೇ ಬೇಗ ಕಲಿಯುತ್ತವೆ. ಎಂಟು ದಿನಕ್ಕೆ ಅಕ್ಷತ ಕೂಗುವುದನ್ನು ಬಿಟ್ಟಳು. ಲುಂಗಿ ಎಳೆಯುವುದು, ಕಾಯುವುದು ಎರಡೂ ಹಾಗೇ ಇದ್ದವು. ಅವನು ತಿರುಗಿದ ಮೇಲೆ ತುಟಿ ಆಡುತ್ತಿತ್ತು, ಅಷ್ಟೆ. ದೊಡ್ಡವರ ತುಟಿಯನ್ನು ಓದುತ್ತಿದ್ದ ಬೈರೇಶನಿಗೆ, ನಿಂತಲ್ಲಿ ನಿಲ್ಲದೆ ತಿರುಗಾಡುತ್ತಾ ಬಾಯಲ್ಲಿ ಏನಾದರೂ ಇಟ್ಟುಕೊಂಡು ಮಾತಾಡುವ ಮಗುವಿನ ತುಟಿ ಓದಲು ಬರುತ್ತಿರಲಿಲ್ಲ. “ಹೂಂ” ಎನ್ನುತ್ತಿದ್ದ. “ಹೂಂ ಕಂದ. ಸರಿ ಕಂದ.” ಅವಳು ಹೇಳಿ ಮುಗಿಸಿ ಮುಖ ನೋಡಿದರೆ ನಕ್ಕು ಇನ್ನೊಂದು ಸಲ “ಹೂಂ” ಎನ್ನುತ್ತಿದ್ದ.

ಮನೆ ಅಚ್ಚುಕಟ್ಟಾಗಿದೆ ಎನಿಸಿತು ಅವನಿಗೆ. ಟೀ ಅಂಗಡಿಯಲ್ಲಿ ಹೇಳಿಕೊಂಡ. “ನನ್ನ ಮಗಳು ಈಗ ನೋಡ್ಬೇಕು ಗುರು, ಏನ್ ಮರ್ಯಾದೆ, ಏನ್ ನಡತೆ. ಒಂದು ಜೋರು ಮಾತಿಲ್ಲ.”

ಪಿಳ್ಳಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಬೈರೇಶನ ತುಟಿಯನ್ನೇ ನೋಡುತ್ತಿದ್ದವನು ಕೇಳಿದ. “ಮಗ ನಿನ್ ತಾವ ಮಾತಾಡ್ತದಾ?”

“ಯಾಕಿಲ್ಲ? ದಿನಾ ಮಾತಾಡ್ತಾಳೆ.”

“ನೆನ್ನೆ ಏನಂದ್ಳು?”

ಬೈರೇಶ ಬಾಯಿ ತೆರೆದ. ನೆನ್ನೆ ಸಂಜೆ ಮಗಳು ಎದುರಿಗೆ ಕೂತು ಬಹಳ ಹೊತ್ತು ಏನೋ ಹೇಳಿದ್ದು ನೆನಪಿತ್ತು. ಒಂದು ಕೈಯಲ್ಲಿ ಬಿಸ್ಕತ್ತಿತ್ತು. ಇನ್ನೊಂದು ಕೈಯನ್ನು ಎತ್ತರಕ್ಕೆ ಎತ್ತಿ ತೋರಿಸಿದ್ದಳು, ಆಮೇಲೆ ನಕ್ಕಿದ್ದಳು. ಏನು ಎತ್ತರ, ಯಾಕೆ ನಗು, ಒಂದೂ ಗೊತ್ತಿರಲಿಲ್ಲ. ಮೊನ್ನೆಯದು ನೆನೆದುಕೊಂಡ. ಅದೂ ಗೊತ್ತಿರಲಿಲ್ಲ. ಸುತ್ತ ಇದ್ದವರು ನೋಡುತ್ತಿದ್ದರು.

“ನೀನು ಬಿಡಪ್ಪ, ಹೇಳಿದ್ರೆ ನಿಂಗೆಲ್ಲಿ ಕೇಳ್ಸುತ್ತೆ” ಎಂದುಬಿಟ್ಟ. ಎಲ್ಲರೂ ನಕ್ಕರು. ಪಿಳ್ಳಪ್ಪ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಲೋಟ ಇಟ್ಟು ಎದ್ದುಹೋದ. ಬೈರೇಶನಿಗೆ ಅವತ್ತು ಟೀ ರುಚಿಸಲಿಲ್ಲ. ಅಷ್ಟಾದರೂ ಆಯಿತಲ್ಲ ಎನ್ನಬೇಕು.

ಆಮೇಲೆ ಒಂದು ತಿಂಗಳಿಗೆ ವಾಣಿಶ್ರೀಯ ತಾಯಿ ಅಮ್ಮಯಮ್ಮನಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ವಾಣಿಶ್ರೀ ಒಂದು ವಾರಕ್ಕೆಂದು ತವರಿಗೆ ಹೋದಳು. ಮಗಳಿಗೆ ಸ್ಕೂಲು ತಪ್ಪಬಾರದೆಂದು ಅಪ್ಪನ ಹತ್ತಿರವೇ ಬಿಟ್ಟಳು. ಅಪ್ಪ, ಮಗಳು ಇಬ್ಬರೇ ಒಂದು ಮನೆಯಲ್ಲಿ ಇದ್ದದ್ದು ಅದೇ ಮೊದಲು. ಬೈರೇಶ ಉಪ್ಪಿಟ್ಟು ಮಾಡಿದ, ಮರುದಿನ ಮತ್ತೆ ಉಪ್ಪಿಟ್ಟು ಮಾಡಿದ, ಮೂರನೇ ದಿನ ಲಕ್ಷ್ಮೀದೇವಮ್ಮನೇ ಇಡ್ಲಿ ತಂದುಕೊಟ್ಟಳು. ಜಡೆ ಹಾಕಲು ಬಾರದೆ ಎರಡು ಜುಟ್ಟು ಕಟ್ಟಿ ಕಳಿಸುತ್ತಿದ್ದ. ಒಂದು ಮೇಲೆ, ಒಂದು ಕೆಳಗೆ.

ಆ ವಾರವೇ ಸ್ಕೂಲಿನಲ್ಲಿ ಒಂದನೇ ತರಗತಿಯ ಶಾಮಲಾ ಮಿಸ್ ಒಂದು ಹೊಸ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಶನಿವಾರ ಬೆಳಗ್ಗೆ ಮಕ್ಕಳು ತಮ್ಮ ತಮ್ಮ ಅಪ್ಪಂದಿರ ಬಗ್ಗೆ ನಾಲ್ಕು ಮಾತು ಹೇಳಬೇಕು, ಅಪ್ಪಂದಿರು ಎದುರಿಗೆ ಕೂತು ಕೇಳಬೇಕು. ಮಿಸ್ ಚೀಟಿ ಕಳಿಸಲಿಲ್ಲ, ಫೋನಿನ ಗ್ರೂಪಿಗೂ ಹಾಕಲಿಲ್ಲ. “ನೀವೇ ಬಾಯಲ್ಲಿ ಹೇಳಿ ಕರ್ಕೊಂಡು ಬರ್ಬೇಕು, ದೊಡ್ಡೋರ ಥರ” ಎಂದು ಮಕ್ಕಳಿಗೆ ಹೇಳಿದ್ದರು. ಒಳ್ಳೆಯ ಯೋಚನೆಯೇ. ಬೈರೇಶನಂಥ ಅಪ್ಪನೂ ಇರುತ್ತಾನೆ ಎಂದು ಅವರಿಗೇನು ಗೊತ್ತು?

ಬುಧವಾರ ಅಕ್ಷತ ಉಪ್ಪಿಟ್ಟಿನ ತಟ್ಟೆ ಮುಂದೆ ಕೂತು ಅಪ್ಪನನ್ನು ಕರೆದಳು. ಬೈರೇಶ “ಹೂಂ ಕಂದ” ಎಂದ. ಗುರುವಾರ ಸಂಜೆ ಮಗ್ಗದ ಬಾಗಿಲಲ್ಲಿ ನಿಂತು ಲುಂಗಿ ಎಳೆದು ಕರೆದಳು. “ಹೂಂ, ಸರಿ” ಎಂದ. ಶುಕ್ರವಾರ ಬೆಳಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಎದುರಿಗೆ ನಿಂತು, ಮೆಲ್ಲಗೆ, ಕಲಿಸಿಕೊಟ್ಟ ಹಾಗೆಯೇ ಮೆಲ್ಲಗೆ, ಮತ್ತೆ ಕೇಳಿದಳು. ಅವಳ ಮುಖದಲ್ಲಿ ಏನೋ ಪ್ರಶ್ನೆ ಇದೆ ಎನಿಸಿ ಬೈರೇಶ ಬಗ್ಗಿ ಕೆನ್ನೆ ಹಿಂಡಿ, “ಆಗ್ಲಿ ಕಣಮ್ಮ, ಹೂಂ ಅಂದ್ನಲ್ಲ” ಎಂದ. ಅವಳು ಕುಣಿದಾಡಿದಳು. ಕುಣಿದಾಡಿದ್ದನ್ನು ನೋಡಿ ಅವನಿಗೂ ಖುಷಿಯಾಯಿತು. ಯಾಕೆಂದು ಕೇಳಲಿಲ್ಲ.

ಶನಿವಾರ ಬೆಳಗ್ಗೆ ಅವಳು ಹುಟ್ಟುಹಬ್ಬದ ಗುಲಾಬಿ ಫ್ರಾಕನ್ನು ತಾನೇ ತೆಗೆದು ಹಾಕಿಕೊಂಡಳು. ಸ್ಕೂಲ್ ವ್ಯಾನು ಬಂದಾಗ ಹತ್ತುವ ಮುಂಚೆ ಹಿಂದಕ್ಕೆ ತಿರುಗಿ ಏನೋ ಅಂದಳು. ಬೈರೇಶ ಕೈ ಬೀಸಿದ. ವ್ಯಾನು ತಿರುವು ದಾಟುವವರೆಗೂ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದಳು, ಅವನೂ ಕೈ ಬೀಸುತ್ತಲೇ ಇದ್ದ. ಒಳಗೆ ಬಂದು ನಾಲ್ಕೂ ಮಗ್ಗ ಚಾಲೂ ಮಾಡಿದ.

ಹನ್ನೆರಡೂವರೆಗೆ ಜೇಬಿನಲ್ಲಿ ಫೋನು ಅದುರಿತು. ನೋಡಿದರೆ ಶಾಮಲಾ ಮಿಸ್ ಹೆಸರು. ಬೀದಿಗೆ ಓಡಿಬಂದು ಕಿವಿಗೆ ಒತ್ತಿ ಹಿಡಿದರೂ ‘ಅಕ್ಷತ’ ಎಂಬುದು ಬಿಟ್ಟು ಬೇರೇನೂ ತಿಳಿಯಲಿಲ್ಲ. ಮಗುವಿಗೆ ಏನಾಯಿತೋ ಎಂದುಕೊಂಡ. ಮಗ್ಗ ನಿಲ್ಲಿಸಿ, ಲುಂಗಿ ತೆಗೆದು ಪ್ಯಾಂಟು ಏರಿಸಿಕೊಂಡು, ತಲೆ ತುಂಬ ಇದ್ದ ನೂಲಿನ ಧೂಳನ್ನೂ ಕೊಡವದೆ ಬೈಕು ಹತ್ತಿದ.

ಸ್ಕೂಲಿನ ಅಂಗಳದಲ್ಲಿ ಸಾಲು ಸಾಲು ಕುರ್ಚಿ ಹಾಕಿದ್ದರು, ಎಲ್ಲ ಖಾಲಿ. ಆಯಾ ಒಬ್ಬಳು ಅವುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ವರಾಂಡದ ಮೆಟ್ಟಿಲ ಮೇಲೆ ಅಕ್ಷತ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೈ ಕೈ ನೆಟ್ಟಗಿತ್ತು. ಬೈರೇಶನಿಗೆ ಹೋದ ಜೀವ ಬಂದಂತಾಯಿತು.

ಪಕ್ಕದಲ್ಲಿದ್ದ ಶಾಮಲಾ ಮಿಸ್ ಎದ್ದು ಬಂದರು. ಮಕ್ಕಳಿಗೆ ಪಾಠ ಮಾಡಿ ಮಾಡಿ ಅವರ ದನಿ ಗಟ್ಟಿಯಾಗಿತ್ತು, ಕೋಪವೂ ಸೇರಿ ಇನ್ನೂ ಗಟ್ಟಿಯಾಯಿತು. “ಏನ್ ಸಾರ್ ನೀವು? ಬೆಳಗ್ಗೆಯಿಂದ ಮಗು ಗೇಟೇ ನೋಡ್ತಿತ್ತು. ಎಲ್ಲರ ಅಪ್ಪಂದಿರೂ ಬಂದಿದ್ರು. ಬರಕ್ಕಾಗಲ್ಲ ಅಂದ್ರೆ ಮಗೂಗೆ ಹಂಗೇ ಹೇಳ್ಬೇಕು ತಾನೇ? ವ್ಯಾನ್ ಹತ್ತು ಅಂದ್ರೂ ಹತ್ತಲಿಲ್ಲ, ಅಪ್ಪ ಬರ್ತಾರೆ ಅಂತ ಇಲ್ಲೇ ಕೂತ್ಕೊಂಡ್ಳು.”

ಬೈರೇಶನಿಗೆ ವಿಷಯ ಅರ್ಥವಾಗಲು ಒಂದೆರಡು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವನ ಬಾಯಿಂದ ಮೊದಲು ಬಂದ ಮಾತು ಯಾವುದು ಗೊತ್ತೆ? ಅದನ್ನು ಬರೆಯುವುದಕ್ಕೂ ಬೇಸರವಾಗುತ್ತದೆ.

“ನಂಗೆ ಗೊತ್ತೇ ಇಲ್ಲ ಮಿಸ್. ಇವ್ಳು ಹೇಳ್ಲೇ ಇಲ್ಲ.”

ಮಿಸ್ ಅಕ್ಷತಳ ಕಡೆ ತಿರುಗಿದರು. “ಹೇಳ್ಲಿಲ್ವಾ ಪುಟ್ಟಿ? ನೆನ್ನೆ ಬಂದು ನಂಗೆ ಏನಂದೆ? ಮೂರು ಸಲ ಕರ್ದೆ, ಮೂರು ಸಲಾನೂ ಅಪ್ಪ ಹೂಂ ಅಂದ್ರು ಅಂದ್ಯಲ್ಲ?”

ಅಕ್ಷತ ಒಮ್ಮೆ ಮಿಸ್ ಮುಖ ನೋಡಿದಳು, ಒಮ್ಮೆ ಅಪ್ಪನ ಮುಖ ನೋಡಿದಳು. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಏನೋ ಹೇಳಿದಳು. ಬೈರೇಶನಿಗೆ ಕೇಳಿಸಲಿಲ್ಲ.

“ಏನಂದ್ಳು ಮಿಸ್?”

“ನಾನೇ ಹೇಳಕ್ಕೆ ಮರ್ತೋದೆ ಅಂತಾಳೆ. ಸುಳ್ಳು ಹೇಳಿದ್ದೆ ಅಂತಾಳೆ” ಎಂದರು ಮಿಸ್. ಅವರ ಕೋಪ ಇಳಿದಿತ್ತು. ಅವರು ಈಗ ಬೈರೇಶನನ್ನೇ ನೋಡುತ್ತಿದ್ದರು, ಅವನ ಮುಖವನ್ನಲ್ಲ, ಅವನ ಕಿವಿಯನ್ನು.

ಬೈರೇಶ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. “ಯಾಕಮ್ಮ ಹಂಗಂದೆ? ನೀನು ಮೂರು ಸಲ ಕರ್ದಿದ್ದು ನಿಜ ತಾನೇ?”

ಅವಳು ಮಿಸ್ ಕಡೆ ನೋಡಿದಳು. ಮಿಸ್ ಏನೋ ನೆಪ ಹಿಡಿದು ಕುರ್ಚಿಗಳ ಕಡೆ ಹೋದರು. ಆಗ ಅಕ್ಷತ ಎದ್ದು ಬಂದು, ಎರಡೂ ಅಂಗೈಯನ್ನು ಅಪ್ಪನ ಕಿವಿಯ ಸುತ್ತ ಬೋಗುಣಿಯ ಹಾಗೆ ಹಿಡಿದು, ಅದರೊಳಗೆ ಬಾಯಿಟ್ಟು ಮಾತಾಡಿದಳು. ಎರಡು ತಿಂಗಳಾದ ಮೇಲೆ ಬೈರೇಶನಿಗೆ ಮಗಳ ದನಿ ಕೇಳಿಸಿತು.

“ನಿಂಗೆ ಕಿವಿ ಕೇಳ್ಸಲ್ಲ ಅಂತ ನಾನು ಯಾರ್ಗೂ ಹೇಳಿಲ್ಲ ಅಪ್ಪ. ಅವತ್ತು ದೊಡ್ಡಪ್ಪನ ಮನೇಲಿ ಕೂಗ್ಬಿಟ್ಟೆ, ಎಲ್ರಿಗೂ ಗೊತ್ತಾಗೋಯ್ತು, ಅದಕ್ಕೇ ಅಲ್ವಾ ನೀನು ಹೊಡ್ದಿದ್ದು? ಇನ್ಮೇಲೆ ಕೂಗಲ್ಲ. ಮಿಸ್‌ಗೂ ಹೇಳಲ್ಲ.”

ಕುಕ್ಕರುಗಾಲಲ್ಲಿ ಕೂತಿದ್ದವನು ಹಾಗೇ ನೆಲಕ್ಕೆ ಕುಸಿದು ಕೂತ. ಮಗಳಿಗೆ ಮರ್ಯಾದೆ ಕಲಿಸಿದೆ ಎಂದು ಬೀಗಿದ್ದ. ಅವಳು ಎರಡು ತಿಂಗಳು ಕಾಪಾಡಿದ್ದು ಅವನ ಮರ್ಯಾದೆಯನ್ನು. ಆರು ವರ್ಷದ ಮಗು ಅಪ್ಪನ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಅವನ ಹತ್ತಿರ ಮೆಲ್ಲಗೆ ಮಾತಾಡಿತ್ತು, ಅವನು ಅಂದ ಹೂಂ ಅನ್ನು ನಂಬಿ ಫ್ರಾಕು ಹಾಕಿಕೊಂಡು ಬಂದು ಗೇಟು ಕಾದಿತ್ತು. ಬೈರೇಶನಿಗೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕು ಎನಿಸಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಇನ್ನೂ ಒಂದು ಅವನಿಗೆ ಹೊಳೆಯಿತು. ಅವಳ ಮುಂದಿನ ಹಲ್ಲು ಎರಡು ಬಿದ್ದಿದ್ದವು. ಅದನ್ನು ಕಣ್ಣಲ್ಲಿ ನೋಡಿದ್ದ, ಬಿದ್ದ ಹಲ್ಲನ್ನು ತಾನೇ ಹೆಂಚಿನ ಮೇಲೆ ಎಸೆದಿದ್ದ. ಆದರೆ ಅದರಿಂದ ಅವಳ ಮಾತಿಗೆ ಗಾಳಿ ಸೇರಿಕೊಂಡಿರುವುದು, ‘ಸ’ ಅನ್ನುವಾಗ ಸಣ್ಣದೊಂದು ಸಿಳ್ಳೆ ಬರುವುದು ಅವನಿಗೆ ಈಗಲೇ ತಿಳಿದದ್ದು. ಪ್ರತಿ ಹುಟ್ಟುಹಬ್ಬಕ್ಕೆ ಅವಳನ್ನು ಬಾಗಿಲಿಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಗೆರೆ ಎಳೆಯುತ್ತಿದ್ದ, ಮಗು ಬೆಳೆಯುವುದೆಂದರೆ ಅಷ್ಟೇ ಎಂದುಕೊಂಡಿದ್ದ. ದನಿಯೂ ಬೆಳೆಯುತ್ತದೆ. ಮೂರನೇ ವರ್ಷದ ದನಿ, ನಾಲ್ಕನೇ ವರ್ಷದ್ದು, ಐದನೆಯದ್ದು, ಎಲ್ಲವೂ ಅವನ ಎದುರಿಗೇ ಬಂದು ಹೋಗಿದ್ದವು. ಅವನ ಹತ್ತಿರ ಒಂದೂ ಇರಲಿಲ್ಲ. ಇದ್ದದ್ದು ಅವಳ ಕೂಗು ಒಂದೇ, ಅದನ್ನೂ ಅವನೇ ಹೊಡೆದು ಬಿಡಿಸಿದ್ದ.

ಮಿಸ್ ಹಿಂದಿರುಗಿ ಬಂದರು. ಬೈರೇಶ ಎದ್ದು ನಿಂತ. “ಮಗೂದು ತಪ್ಪಿಲ್ಲ ಮಿಸ್, ತಪ್ಪು ನಂದೇ” ಎಂದ. ಯಾಕೆ ನಂದು ಎನ್ನುವುದು ಗಂಟಲವರೆಗೆ ಬಂತು, ಹೊರಗೆ ಬರಲಿಲ್ಲ. ಅಷ್ಟೆಲ್ಲ ಆದ ಮೇಲೂ ಬರಲಿಲ್ಲ. ಮನುಷ್ಯನ ಹಟ ಎಂಥದು ನೋಡಿ.

“ಅವಳು ಏನು ಹೇಳಿದ್ಳು ಮಿಸ್, ನನ್ನ ಬಗ್ಗೆ?” ಎಂದು ಕೇಳಿದ.

ಮಿಸ್ ಅವನ ಎದುರಿಗೆ ಸರಿಯಾಗಿ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. “ನಮ್ಮಪ್ಪ ಮಗ್ಗ ಓಡಿಸ್ತಾರೆ. ನಮ್ಮಪ್ಪ ತುಂಬಾ ಒಳ್ಳೆಯವರು. ನಾನು ಏನು ಹೇಳಿದರೂ ಹೂಂ ಅಂತಾರೆ.”

ಬೈರೇಶ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಗೇಟಿನಿಂದ ಹೊರಗೆ ಬಂದ. ಅಕ್ಷತಳನ್ನು ಎಂದಿನಂತೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಬೈಕು ಚಾಲೂ ಮಾಡಿದ. ಕಣ್ಣು ಮಂಜಾಗಿತ್ತು. ಸ್ವಲ್ಪ ದೂರ ಹೋಗುತ್ತಿದ್ದಂತೆ ಮಗಳ ತಲೆ ಹಿಂದಕ್ಕೆ ತಿರುಗಿ ಅವನ ಎದೆಗೆ ತಾಗಿತು. ಏನೋ ಹೇಳುತ್ತಿದ್ದಾಳೆ ಎನಿಸಿತು. ‘ಹೂಂ’ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡ. ಅವಳು ಅವನ ತೋಳು ಜಗ್ಗಿದಳು. ಮುಂದೆ ಎಡಕ್ಕೆ ತಿರುಗಬೇಕಿತ್ತು, ಎದುರಿನಿಂದ ಲಾರಿಯೊಂದು ಬರುತ್ತಿತ್ತು.

“ಅಪ್ಪಾ! ಸ್ಟ್ಯಾಂಡ್ ತೆಗಿ! ಸ್ಟ್ಯಾಂಡು!”

ಇಡೀ ಸರ್ಕಲ್ಲಿಗೆ ಕೇಳಿಸುವಂತೆ ಕೂಗಿದಳು. ಬೈರೇಶನಿಗೂ ಕೇಳಿಸಿತು. ಬ್ರೇಕು ಹಾಕಿ ಬೈಕನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಸೈಡ್ ಸ್ಟ್ಯಾಂಡು ಇಳಿದೇ ಇತ್ತು. ಅದನ್ನು ಹಿಮ್ಮಡಿಯಿಂದ ಮೇಲಕ್ಕೆ ತಳ್ಳಿ ಮಗಳನ್ನು ನೋಡಿದ. ಅವಳು ತಲೆಯನ್ನು ಹೆಗಲೊಳಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಎರಡೂ ಕೆನ್ನೆ ಮುಚ್ಚಿಕೊಂಡಿದ್ದಳು.

ಎಳನೀರಿನ ಗಾಡಿಯವನೊಬ್ಬ ಮಚ್ಚು ಹಿಡಿದುಕೊಂಡೇ ನಕ್ಕ. “ಏನ್ ಗಂಟಲಪ್ಪಾ ಮಗೂದು! ಮೈಕು ನುಂಗವ್ಳಾ?”

ಸುತ್ತ ನಿಂತಿದ್ದವರೂ ತಿರುಗಿ ನೋಡಿದರು. ಬೈರೇಶ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ. “ನಂಗೆ ಕಿವಿ ಕೇಳ್ಸಲ್ಲ ಕಣಣ್ಣ. ನಾನು ಕಿವುಡ. ಅದಕ್ಕೇ ನನ್ ಮಗಳು ಕೂಗಿದ್ಳು. ಇಲ್ದಿದ್ರೆ ಇಬ್ರೂ ಬೀಳ್ತಿದ್ವಿ.”

ಎಳನೀರಿನವನ ನಗು ಅಲ್ಲೇ ನಿಂತಿತು. ಅಕ್ಷತ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಬಲಗೆನ್ನೆಯ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದು ಟ್ಯಾಂಕು ಹಿಡಿದುಕೊಂಡಳು. ಬೈರೇಶ ಬೈಕು ಹೊರಡಿಸಿದ. ಎಡಗೆನ್ನೆಯ ಮೇಲಿನ ಕೈ ಮನೆ ಬರುವವರೆಗೂ ಅಲ್ಲೇ ಇತ್ತು.